ದಿನದಿನದ ಬದುಕಿನಲ್ಲಿ ಕರ್ತನ ಸಂತೋಷ: ಹುಡುಕುವುದು, ಹಂಚುವುದು

ಮೊದಲು ನಿಮ್ಮ ಸಂತೋಷ ಯಾವುದರ ಮೇಲೆ ನಿಂತಿದೆ ಎಂದು ನೋಡಿಕೊಳ್ಳಿ. ಸತ್ಯವೇದದ (ಬೈಬಲಿನ) ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ, ದೆವ್ವಗಳೂ ನಮ್ಮ ಮಾತು ಕೇಳುತ್ತವೆ ಎಂದು ಶಿಷ್ಯರು ಹಿಗ್ಗಿ ಬರುತ್ತಾರೆ. ಯೇಸು ಅವರಿಗೆ, ಅದಕ್ಕಾಗಿ ಅಲ್ಲ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ ಎಂಬುದಕ್ಕಾಗಿ ಸಂತೋಷಪಡಿ ಎನ್ನುತ್ತಾನೆ. ಸೇವೆ ಕೈಗೂಡಿದ ಖುಷಿ ಸೇವೆ ಸೋತ ದಿನ ಇರುವುದಿಲ್ಲ. ಅಪೊಸ್ತಲ ಪೌಲನು ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಯಾವಾಗಲೂ ಸಂತೋಷಿಸಿರಿ ಎಂದು ಬರೆದದ್ದು ಸೆರೆಯಿಂದಲೇ.

ಅಭ್ಯಾಸವನ್ನು ರಾತ್ರಿಯಿಂದ ಶುರುಮಾಡುವುದು ಸುಲಭ. ಮಲಗುವ ಮುಂಚೆ ಹತ್ತು ನಿಮಿಷ ಸಾಕು. ಮೊಬೈಲು ಬೇರೆ ಕೋಣೆಯಲ್ಲಿರಲಿ, ಕೈಯಲ್ಲೊಂದು ನೋಟ್‌ಬುಕ್ ಇರಲಿ. ಬೆಳಗ್ಗೆ ಎದ್ದಾಗಿನಿಂದ ನಡೆದದ್ದನ್ನು ಗಂಟೆ ಗಂಟೆಯಾಗಿ ನೆನೆಸಿ, ಮೂರು ಸಂಗತಿ ಬರೆಯಿರಿ. ಇಲ್ಲಿಯೇ ಹೆಚ್ಚಿನವರು ಎಡವುವುದು. "ಮನೆಯವರಿಗಾಗಿ ಸ್ತೋತ್ರ, ಆರೋಗ್ಯಕ್ಕಾಗಿ ಸ್ತೋತ್ರ" ಎಂದು ಬರೆದರೆ ಒಂದು ವಾರದೊಳಗೆ ಅದು ಬಾಯಿಪಾಠವಾಗುತ್ತದೆ. "ಬೆಳಗ್ಗೆ ಮುನಿಸಿಕೊಂಡು ಹೋದ ಮಗಳು ಸಂಜೆ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು" ಎಂಬಂತೆ, ಇಂದು ಮಾತ್ರ ನಡೆದದ್ದನ್ನು ಬರೆಯಿರಿ. ಆಮೇಲೆ ಪ್ರತಿಯೊಂದನ್ನೂ "ಕರ್ತನೇ, ನೀನು..." ಎಂದು ಆತನಿಗೇ ಹೇಳಿ. ಈ ಹೆಜ್ಜೆ ಬಿಟ್ಟರೆ ಉಳಿಯುವುದು ದಿನಚರಿ, ಪ್ರಾರ್ಥನೆಯಲ್ಲ.

ಆ ಹತ್ತು ನಿಮಿಷದಲ್ಲಿ ಕೊನೆಯ ಎರಡನ್ನು, ಅಂದು ಮಾಡಿದ ತಪ್ಪುಗಳನ್ನು ಒಪ್ಪಿಕೊಳ್ಳಲು ಮೀಸಲಿಡಿ. ರಕ್ಷಣೆಯ ಆನಂದವನ್ನು ತಿರುಗಿ ಕೊಡು ಎಂದು ಅರಸ ದಾವೀದನು ಬೇಡುವುದು ಸತ್ಯವೇದದ 51ನೇ ಕೀರ್ತನೆಯಲ್ಲಿ, ಪಾಪವನ್ನು ಬಿಚ್ಚಿ ಹೇಳಿದ ನಂತರ. ಮುಚ್ಚಿಟ್ಟ ತಪ್ಪೊಂದು ಒಳಗೆ ಕೊರೆಯುತ್ತಿದ್ದರೆ ಎಷ್ಟು ಸ್ತೋತ್ರ ಹಾಡಿದರೂ ಮನಸ್ಸು ಏಳುವುದಿಲ್ಲ.

ಬೆಳಗ್ಗೆ 103ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. 22 ವಚನ, ಕೆಲವೇ ನಿಮಿಷ. ಒಂದು ವಾರ ಅದೊಂದೇ ಸಾಕು.

ಮನಸ್ಸು ಕುಸಿದ ದಿನ ನಗುವನ್ನು ಮುಖಕ್ಕೆ ಅಂಟಿಸಿಕೊಳ್ಳಬೇಡಿ. "ವಿಶ್ವಾಸಿ ಅಳಬಾರದು" ಎಂಬುದು ಸತ್ಯವೇದದ ಮಾತಲ್ಲ; ಯೇಸುವೇ ತೀರಿಹೋದ ಗೆಳೆಯ ಲಾಜರನ ಸಮಾಧಿಯ ಬಳಿ ಅತ್ತನು. 13ನೇ ಕೀರ್ತನೆಯನ್ನು ಮಾದರಿಯಾಗಿ ಹಿಡಿಯಿರಿ. ಮೊದಲೆರಡು ವಚನ ದೂರು, ಮುಂದಿನೆರಡು ಬೇಡಿಕೆ, ಕೊನೆಯೆರಡು ಭರವಸೆ. ಅದೇ ಕ್ರಮದಲ್ಲಿ ನಿಮ್ಮ ಮಾತಿನಲ್ಲಿ ಆರು ಸಾಲು ಬರೆಯಿರಿ. ದೂರನ್ನು ಹಾರಿಸಿ ನೇರವಾಗಿ ಭರವಸೆಗೆ ಜಿಗಿದರೆ ಆ ಭರವಸೆ ಟೊಳ್ಳಾಗಿರುತ್ತದೆ. ಭರವಸೆಯ ಸಾಲು ಬರದಿದ್ದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ. 88ನೇ ಕೀರ್ತನೆಯೂ ಕತ್ತಲಲ್ಲೇ ಮುಗಿಯುತ್ತದೆ.

ಆದರೆ ಎರಡು ವಾರ ದಾಟಿಯೂ ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸಿದರೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಅವಿಶ್ವಾಸದ ಹಣೆಪಟ್ಟಿ ಹಚ್ಚುವುದು ಕ್ರೂರತನ.

ಇನ್ನು ಸಂತೋಷವನ್ನು ಹೊರಗೆ ತೋರಿಸುವ ವಿಷಯ. ಸತ್ಯವೇದದ ನೆಹೆಮೀಯ ಗ್ರಂಥದ 8:10ರಲ್ಲಿ, ಯೆಹೋವನ (ದೇವರ) ಆನಂದವೇ ನಿಮ್ಮ ಬಲ ಎಂಬ ಮಾತನ್ನು ಎಲ್ಲರೂ ಗೋಡೆಗೆ ಹಾಕುತ್ತಾರೆ. ಅದೇ ವಚನದ ಮೊದಲ ಭಾಗ, ಉಂಡು ಕುಡಿಯಿರಿ, ಏನೂ ಇಲ್ಲದವರಿಗೆ ಪಾಲು ಕಳುಹಿಸಿರಿ ಎಂಬುದು, ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಮನೆಯಲ್ಲಿ ಸಂಭ್ರಮವಿರುವಾಗ ಅಡುಗೆಗೆ ಮುಂಚೆಯೇ ಇನ್ನೊಂದು ಮನೆಯ ಪಾಲನ್ನು ಲೆಕ್ಕಕ್ಕೆ ಸೇರಿಸಿ. ಉಳಿದದ್ದನ್ನು ಕಳುಹಿಸುವುದು ಪಾಲು ಕೊಟ್ಟಂತಲ್ಲ. ಕೊಟ್ಟದ್ದನ್ನು ಫೋಟೋ ಹಾಕಿ ಸಾರಬೇಡಿ.

ದುಃಖದ ಮನೆಗೆ ಹೋದಾಗ ಹಾಡು, ವಚನ, ವಿವರಣೆ ಯಾವುದನ್ನೂ ಮುಂದೆ ಮಾಡಬೇಡಿ. ಮನನೊಂದವನ ಮುಂದೆ ಹಾಡುವುದು ಚಳಿಯಲ್ಲಿ ಬಟ್ಟೆ ತೆಗೆದಂತೆ ಎಂದು ಜ್ಞಾನೋಕ್ತಿ 25:20 ಹೇಳುತ್ತದೆ. ಸುಮ್ಮನೆ ಕೂತು, ಆಗಬೇಕಾದ ಒಂದು ಕೆಲಸ ಮಾಡಿಕೊಟ್ಟು ಬನ್ನಿ. ಅವರೇ ಕೇಳಿದರೆ ಪ್ರಾರ್ಥಿಸಿ.

ಅಳುವವರ ಸಂಗಡ ಅಳುವುದಕ್ಕಿಂತ ಸಂತೋಷಪಡುವವರ ಸಂಗಡ ಸಂತೋಷಪಡುವುದೇ ಕಷ್ಟ. ನಮಗೆ ಸಿಗದ್ದು ಅವರಿಗೆ ಸಿಕ್ಕಿರುತ್ತದೆ. ಹೊಟ್ಟೆಕಿಚ್ಚು ತಣಿಯಲಿ ಎಂದು ಕಾಯಬೇಡಿ. ಅದನ್ನು ದೇವರಿಗೆ ಹೇಳಿ, ಸುದ್ದಿ ತಿಳಿದ ದಿನವೇ ಫೋನ್ ಮಾಡಿ. ಅವರ ಸುದ್ದಿಯನ್ನು ಪೂರ್ತಿ ಕೇಳಿ, ಎರಡು ಪ್ರಶ್ನೆ ಕೇಳಿ, ನಿಮ್ಮ ಮನೆಯ ಸುದ್ದಿಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.