ಕಬ್ಬಿಣ ಸಿಗದ ದ್ವೀಪದ ಯೋಧೆ: ಒಂದು ಪಾತ್ರ ಕಟ್ಟಿದ ಅನುಭವ

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವ ಕಡೆ ಯಾರಾದರೂ "ನನ್ನದು ದ್ವೀಪದ ಬುಡಕಟ್ಟಿನ ಪಾತ್ರ" ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಎಲುಬಿನ ಸರ, ತಲೆ ಮೇಲೆ ಗರಿ, ಸಿಟ್ಟು ಬಂದರೆ ಕಿರುಚಾಟ. ಮಂತ್ರವೂ ಬೇಕು ಅಂದರೆ ಕೋಲಿನ ತುದಿಗೊಂದು ತಲೆಬುರುಡೆ. ನಿಯಮದ ಪುಸ್ತಕದಲ್ಲಿ ಬಾರ್ಬೇರಿಯನ್, ಅಂದರೆ ಆವೇಶದಿಂದ ಕಾದಾಡುವ ಯೋಧರ ವರ್ಗದ ಪುಟ ತೆಗೆದು ಹತ್ತು ನಿಮಿಷದಲ್ಲಿ ಪಾತ್ರ ಮುಗಿಸಿಬಿಡಬಹುದು. ಅಂಥ ಪಾತ್ರ ಎರಡು ಸಂಜೆ ಮಜಾ ಕೊಡುತ್ತದೆ, ಆಮೇಲೆ ಬೋರ್.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಲೋಕವನ್ನು ನಡೆಸುತ್ತಾರೆ, ಅವರೇ ಡಿಎಂ (ಡಂಜನ್ ಮಾಸ್ಟರ್). ಉಳಿದವರು ತಲೆಗೊಂದು ಪಾತ್ರ ಆಡುತ್ತಾರೆ. ಪಾತ್ರಕ್ಕೊಂದು ವರ್ಗ, ಅಂದರೆ ಕಸುಬು ಇರುತ್ತದೆ, ಆಡುತ್ತಾ ಹೋದಂತೆ ಅದರ ಲೆವೆಲ್ ಏರುತ್ತದೆ. ಪಾತ್ರ ಏನು ಮಾಡುತ್ತದೆ ಅಂತ ಬಾಯಲ್ಲಿ ಹೇಳಬೇಕು, ಆಯಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ನಮ್ಮ ಗುಂಪು ಕೂರುವುದು ಬೆಂಗಳೂರಿನ ಒಂದು ಮನೆಯ ಊಟದ ಮೇಜಿನ ಸುತ್ತ. ಆಡುವುದು 2014ರ ನಿಯಮಗಳಲ್ಲಿ.

ನನ್ನ ಪಾತ್ರದ ಹೆಸರು ತಿಯೋರಾ. ಹೆರುವಾ ಅನ್ನುವ, ನಾನೇ ಕಟ್ಟಿದ ದ್ವೀಪದ ಜನರಲ್ಲಿ ಒಬ್ಬಳು. ಕತ್ತಿ ಹಿಡಿಯುತ್ತಾಳೆ, ಮಂತ್ರವೂ ಗೊತ್ತು.

ಶುರುವಿನಲ್ಲಿ ನಾನು ಶಕ್ತಿಗಳ ಪಟ್ಟಿ ಮುಟ್ಟಲೇ ಇಲ್ಲ. ಆ ದ್ವೀಪದಲ್ಲಿ ಏನೇನು ಇಲ್ಲ ಅಂತ ಬರೆದುಕೊಂಡೆ. ಮಾದರಿಗೆ ಪೆಸಿಫಿಕ್ ಸಾಗರದ ಹವಳದ ದ್ವೀಪಗಳನ್ನು ಇಟ್ಟುಕೊಂಡೆ, ಮುಖ್ಯವಾಗಿ ಕಿರಿಬಾಸ್ ದೇಶದ ಗಿಲ್ಬರ್ಟ್ ದ್ವೀಪಗಳನ್ನು. ಅಲ್ಲಿನ ಹೆಚ್ಚಿನ ನೆಲ ಸಮುದ್ರದಿಂದ ಕೆಲವೇ ಮೀಟರ್ ಎತ್ತರ. ಬೆಟ್ಟ ಇಲ್ಲ, ಹೊಳೆ ಇಲ್ಲ, ಲೋಹದ ಅದಿರು ಇಲ್ಲ. ಮಳೆ ನೀರು ನೆಲದೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಾ ನಿಂತಿರುತ್ತದೆ. ಜಾಸ್ತಿ ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಆ ಸಿಹಿನೀರು ಸಿಗುವವರೆಗೆ ಗುಂಡಿ ತೋಡಿ, ಅದರೊಳಗೆ ಒಂದು ಜಾತಿಯ ದೊಡ್ಡ ಕೆಸುವಿನ ಗಡ್ಡೆ ಬೆಳೆಯುತ್ತಾರೆ.

ಇಷ್ಟು ಬರೆದ ಮೇಲೆ ಪಾತ್ರ ತಾನಾಗಿ ಮೈ ತುಂಬಿಕೊಳ್ಳತೊಡಗಿತು. ಕಬ್ಬಿಣ ಇಲ್ಲದ ಕಡೆ ಕತ್ತಿ ಎಲ್ಲಿಂದ ಬರಬೇಕು? ಗಿಲ್ಬರ್ಟ್ ದ್ವೀಪದವರು ಇದಕ್ಕೆ ಕಂಡುಕೊಂಡ ದಾರಿ ಯಾವ ಕಲ್ಪನೆಗೂ ಕಡಿಮೆ ಇಲ್ಲ. ಮರದ ಪಟ್ಟಿಯ ಅಂಚಿನುದ್ದಕ್ಕೂ ಶಾರ್ಕ್ ಹಲ್ಲುಗಳನ್ನು ಜೋಡಿಸುತ್ತಿದ್ದರು. ಒಂದೊಂದು ಹಲ್ಲಿಗೂ ಸಣ್ಣ ತೂತು ಕೊರೆದು, ನಾರಿನ ದಾರದಿಂದ ಬಿಗಿದು ಕಟ್ಟುತ್ತಿದ್ದರು. ಮೈಗೆ ತೆಂಗಿನ ನಾರನ್ನು ದಪ್ಪಗೆ ಹೆಣೆದ ಕವಚ. ಅದರ ಬೆನ್ನಿನ ಭಾಗ ತಲೆಯ ಹಿಂದೆ ಹಲಗೆಯಂತೆ ಎತ್ತರಕ್ಕೆ ನಿಂತಿರುತ್ತದೆ. ತಲೆಗೆ ಶಿರಸ್ತ್ರಾಣ, ಅದು ಹೆದರಿದಾಗ ಚೆಂಡಿನಂತೆ ಉಬ್ಬುವ ಮುಳ್ಳು ಮೀನಿನ ಒಣಗಿದ ಚರ್ಮ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಥ ಕವಚಗಳಿವೆ. ಅವುಗಳ ಚಿತ್ರ ನೋಡಿದರೆ ಡ್ರ್ಯಾಗನ್ ಚರ್ಮದ ಕವಚ ಸಪ್ಪೆ ಅನಿಸುತ್ತದೆ.

ಇನ್ನೊಂದು ಸಂಗತಿ ನನ್ನ ಕಥೆಗೆ ನೇರವಾಗಿ ಬಂತು. ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿರುವ ಈ ಆಯುಧಗಳ ಹಲ್ಲುಗಳನ್ನು ವಿಜ್ಞಾನಿಗಳು ಪರೀಕ್ಷಿಸಿದರು. 2013ರಲ್ಲಿ ಅದರ ವರದಿ ಬಂತು. ಆ ಹಲ್ಲುಗಳಲ್ಲಿ ಕೆಲವು, ಈಗ ಆ ದ್ವೀಪಗಳ ಸುತ್ತ ಕಾಣಸಿಗದ ಶಾರ್ಕ್ ಜಾತಿಗಳವು. ಆ ಶಾರ್ಕ್‌ಗಳು ಅಲ್ಲಿದ್ದವು ಅನ್ನುವ ನೆನಪನ್ನು ಕತ್ತಿಗಳು ಇಟ್ಟುಕೊಂಡಿವೆ. ನಾನು ಇದನ್ನೇ ತಿಯೋರಾಳಿಗೆ ಕೊಟ್ಟೆ. ಅವಳ ಅಜ್ಜಿಯ ಕತ್ತಿಯಲ್ಲಿರುವ ಹಲ್ಲಿನ ಶಾರ್ಕ್ ಈಗ ಹೆರುವಾ ನೀರಿನಲ್ಲಿಲ್ಲ. ಎಲ್ಲಿ ಹೋಯಿತು ಅಂತ ಹುಡುಕಿಕೊಂಡು ಅವಳು ದೋಣಿ ಹತ್ತಿದ್ದಾಳೆ. ಊರು ಸುಟ್ಟುಹೋಯಿತು, ಅಪ್ಪನನ್ನು ಕೊಂದರು, ಸೇಡು ತೀರಿಸಬೇಕು ಅನ್ನುವ ಮಾಮೂಲಿ ಹಿನ್ನೆಲೆಗಿಂತ ಇದು ಎಷ್ಟೋ ವಾಸಿ ಅಲ್ವಾ?

ನಿಯಮದ ಲೆಕ್ಕದಲ್ಲಿ ಹೊಸದೇನೂ ಸೇರಿಸಲಿಲ್ಲ. ಕತ್ತಿಗೆ ಪುಸ್ತಕದ ಲಾಂಗ್‌ಸೋರ್ಡ್ ಅನ್ನುವ ಉದ್ದ ಕತ್ತಿಯ ಅಂಕಿಗಳು, ನಾರಿನ ಕವಚಕ್ಕೆ ಚೈನ್ ಮೇಲ್ ಅನ್ನುವ ಲೋಹದ ಬಳೆಗಳ ಕವಚದ ಅಂಕಿಗಳು. ಚೈನ್ ಮೇಲ್ ತೊಟ್ಟವರು ಸದ್ದಿಲ್ಲದೆ ನುಸುಳುವುದು ಕಷ್ಟ ಅಂತ ನಿಯಮವೇ ಹೇಳುತ್ತದೆ. ಬಿರುಸಾದ ನಾರಿನ ಕವಚಕ್ಕೂ ಅದು ಸರಿಹೊಂದುತ್ತದೆ. ನಮ್ಮ ಮೇಜಿಗಷ್ಟೇ ಸಲ್ಲುವ ಒಂದೇ ಒಂದು ಮನೆನಿಯಮ ಕೇಳಿದೆ: ದಾಳದಲ್ಲಿ 1 ಬಿದ್ದರೆ ಕತ್ತಿಯ ಒಂದು ಹಲ್ಲು ಮುರಿಯಬೇಕು, ಅದನ್ನು ಕೂತು ಮತ್ತೆ ಕಟ್ಟಬೇಕು. ನನಗೇ ನಷ್ಟದ ನಿಯಮ, ಡಿಎಂ ತಕ್ಷಣ ಒಪ್ಪಿದ. ನಷ್ಟ ಕೇಳುವ ಆಟಗಾರರಿಗೆ ಡಿಎಂಗಳು ಇಲ್ಲ ಅನ್ನುವುದಿಲ್ಲ, ಇದು ನನ್ನ ಗಮನಕ್ಕೆ ಬಂದದ್ದು.

ವರ್ಗ ಆರಿಸುವಾಗ ಮೇಜಿನ ಸುತ್ತ ಒಂದಿಷ್ಟು ಜಗಳವೇ ಆಯಿತು. ಬಾರ್ಬೇರಿಯನ್ ಮಾಡು ಅಂದರು, ಪ್ರಕೃತಿಯ ಮಂತ್ರವಾದಿ ಡ್ರೂಯಿಡ್ ಮಾಡು ಅಂದರು. ನಾನು ಫೈಟರ್, ಅಂದರೆ ಆಯುಧ ಕಲಿತ ಯೋಧರ ವರ್ಗ ತೆಗೆದುಕೊಂಡು, 3ನೇ ಲೆವೆಲ್‌ನಲ್ಲಿ ಮಂತ್ರವನ್ನೂ ಕೊಡುವ ಎಲ್ಡ್ರಿಚ್ ನೈಟ್ ದಾರಿ ಹಿಡಿದೆ. ಕಾರಣ ಒಂದೇ: ಆ ದಾರಿಯಲ್ಲಿ ಮಂತ್ರದ ಬಲ ಬುದ್ಧಿಯಿಂದ ಬರುತ್ತದೆ, ಇಂಟೆಲಿಜೆನ್ಸ್ ಅಂಕಿಯಿಂದ. ದ್ವೀಪದ ಮಂತ್ರವಾದಿ ಅಂದರೆ ಪ್ರಕೃತಿಯ ಮಗು, ಓದಿಲ್ಲದ ಮುಗ್ಧ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪೆಸಿಫಿಕ್‌ನ ನಾವಿಕರ ಬಗ್ಗೆ ಓದಿದವರು ಹಾಗೆ ಹೇಳಲಾರರು.

1976ರಲ್ಲಿ ಹೋಕೂಲೆಅ ಅನ್ನುವ ಜೋಡಿ ದೋಣಿ ಹವಾಯಿಯಿಂದ ತಾಹಿತಿಗೆ ಹೋಯಿತು. ಸುಮಾರು 4,000 ಕಿಲೋಮೀಟರ್. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ, ಯಾವ ಉಪಕರಣವೂ ಇಲ್ಲ. ದಾರಿ ತೋರಿದವರು ಸತಾವಲ್ ಅನ್ನುವ ಪುಟ್ಟ ದ್ವೀಪದ ಮೌ ಪಿಯಾಲುಗ್. ನಕ್ಷತ್ರ ಹುಟ್ಟುವ, ಮುಳುಗುವ ಜಾಗಗಳೆಲ್ಲ ಅಂಥವರ ತಲೆಯಲ್ಲೇ ಇರುತ್ತವೆ. ದೂರದಿಂದ ಬರುವ ಉದ್ದನೆಯ ಅಲೆಗಳ ದಿಕ್ಕನ್ನು ದೋಣಿ ಓಲಾಡುವ ರೀತಿಯಿಂದಲೇ ಮೈಯಲ್ಲಿ ತಿಳಿಯುತ್ತಾರೆ. ಸಂಜೆ ಕೆಲವು ಹಕ್ಕಿಗಳು ಹಾರುವ ಕಡೆ ನೆಲ ಇದೆ. ಹವಳದ ಕೊಳದ ಮೇಲೆ ನಿಂತ ಮೋಡದ ಹೊಟ್ಟೆ ತುಸು ಹಸಿರಾಗಿ ಕಾಣುತ್ತದೆ. ಮಾರ್ಷಲ್ ದ್ವೀಪದವರು ಕಡ್ಡಿಗಳನ್ನು ಕಟ್ಟಿ, ದ್ವೀಪ ಇರುವ ಕಡೆ ಕವಡೆ ಸಿಕ್ಕಿಸಿ, ಅಲೆಗಳ ನಕ್ಷೆಯನ್ನೇ ಮಾಡುತ್ತಿದ್ದರು. ಅದನ್ನು ದಡದಲ್ಲೇ ಕಲಿತು ಬಾಯಿಪಾಠ ಮಾಡುತ್ತಿದ್ದರು, ಸಮುದ್ರಕ್ಕೆ ಒಯ್ಯುತ್ತಿರಲಿಲ್ಲ.

ಹೋಕೂಲೆಅ ಅನ್ನುವುದು ಹವಾಯಿಯವರು ನಮ್ಮ ಸ್ವಾತಿ ನಕ್ಷತ್ರಕ್ಕೆ ಇಟ್ಟ ಹೆಸರು. ಅದು ಹವಾಯಿಯ ನೆತ್ತಿಯ ಮೇಲೆ ಹಾದುಹೋಗುತ್ತದೆ. ಹಾಗಾಗಿ ಸ್ವಾತಿ ನಡುನೆತ್ತಿಗೆ ಬಂದರೆ ಹವಾಯಿಯ ಅಕ್ಷಾಂಶದ ಸಾಲಿಗೆ ಬಂದೆವು ಅಂತ ಗೊತ್ತಾಗುತ್ತದೆ. ನಮ್ಮ ಬೀದರಿನವರಿಗೂ ಅದು ಹೆಚ್ಚುಕಡಿಮೆ ನೆತ್ತಿಯ ಮೇಲೇ ಬರುತ್ತದೆ.

ಇದಕ್ಕಿಂತ ದೊಡ್ಡ ಮಂತ್ರವಿದ್ಯೆ ನನಗೆ ಬೇಕಿರಲಿಲ್ಲ. 1769ರಲ್ಲಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಹಡಗು ಹತ್ತಿದ ತುಪಾಯಿಯಾ, ತಾಹಿತಿಯ ಕಡೆಯ ರಾಯಿಯಾತೆಯಾ ದ್ವೀಪದವನು. ಅವನು ಪೂಜಾರಿಯೂ ಹೌದು, ನಾವಿಕನೂ ಹೌದು. 70ಕ್ಕೂ ಹೆಚ್ಚು ದ್ವೀಪಗಳ ನಕ್ಷೆ ಅವನ ನೆನಪಿನಿಂದ ಕಾಗದಕ್ಕೆ ಬಂತು. ದೇವರ ವಿದ್ಯೆ ಬೇರೆ, ದಾರಿಯ ವಿದ್ಯೆ ಬೇರೆ ಅನ್ನುವ ಗೋಡೆ ಅವನಲ್ಲಿ ಕಾಣುವುದಿಲ್ಲ. ತಿಯೋರಾಳ ಮಂತ್ರಗಳನ್ನೂ ಹಾಗೇ ಆರಿಸಿದೆ. 3ನೇ ಲೆವೆಲ್‌ನ ಎಲ್ಡ್ರಿಚ್ ನೈಟ್‌ಗೆ ಮೂರು ಮಂತ್ರ. ಅದರಲ್ಲಿ ಎರಡು ರಕ್ಷಣೆಯ ಅಥವಾ ಸ್ಫೋಟದ ವಿಭಾಗದವೇ ಆಗಿರಬೇಕು, ಮೂರನೆಯದು ಎಲ್ಲಿಂದಲಾದರೂ ಬರಬಹುದು. ಥಂಡರ್‌ವೇವ್ ನನ್ನ ಪಾಲಿಗೆ ಬಂಡೆಗೆ ಬಡಿಯುವ ಅಲೆ. ಎದುರಾಳಿಯನ್ನು 10 ಅಡಿ ಹಿಂದಕ್ಕೆ ತಳ್ಳುತ್ತದೆ. ಶೀಲ್ಡ್ ಅಂದರೆ ಮೈ ಮೇಲಿನ ಹಚ್ಚೆ ಒಂದು ಕ್ಷಣ ಹೊಳೆದು ಪೆಟ್ಟು ಜಾರುವುದು. ಮೂರನೆಯದು ಫಾಗ್ ಕ್ಲೌಡ್, ಸಮುದ್ರದ ಮಂಜು. ಬೆಂಕಿ ಉಂಡೆಯ ಆಸೆಯನ್ನು ಪೂರ್ತಿ ಬಿಟ್ಟೆ. ಕಟ್ಟಿಗೆ ಕಡಿಮೆ ಇರುವ ದ್ವೀಪದವರು ಬೆಂಕಿಯನ್ನು ಹೀಗೆ ಎಸೆದು ಹಾಳು ಮಾಡುತ್ತಾರೆಯೇ?

ಈ ಮಂತ್ರಗಳಿಗೆ ಒಂದು ಕೈ ಖಾಲಿ ಇರಬೇಕು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡಿದರೆ ಕೆಲಸ ಕೆಟ್ಟಿತು. ಅದಕ್ಕೇ ಅವಳಿಗೆ ಗುರಾಣಿ ಕೊಡಲಿಲ್ಲ. ಈ ವರ್ಗದಲ್ಲಿ ಆಯುಧದ ಜೊತೆ ನಂಟು ಬೆಳೆಸುವ ಒಂದು ವಿಧಿ ಇದೆ, ಒಂದು ಗಂಟೆ ಹಿಡಿಯುತ್ತದೆ. ಆಮೇಲೆ ಕತ್ತಿ ಅದೇ ಲೋಕದಲ್ಲಿ ಎಲ್ಲಿದ್ದರೂ ಕರೆದರೆ ಕೈಗೆ ಬರುತ್ತದೆ. ನಾನು ಆ ಒಂದು ಗಂಟೆಯನ್ನು ಮುರಿದ ಹಲ್ಲು ಕಟ್ಟುವ ಕೆಲಸಕ್ಕೇ ಸೇರಿಸಿದೆ. ನಾರನ್ನು ತೊಡೆಯ ಮೇಲೆ ಹೊಸೆಯುತ್ತಾ, ಅಜ್ಜಿಯಿಂದ ಹಿಡಿದು ಹಿಂದಿನವರ ಹೆಸರು ಹೇಳುತ್ತಾ ಕೂರುತ್ತಾಳೆ. ನಮ್ಮ ಕರಾವಳಿಯಲ್ಲಿ ತೆಂಗಿನ ಸಿಪ್ಪೆಯನ್ನು ನೀರಲ್ಲಿ ಕೊಳೆಸಿ, ಬಡಿದು, ನಾರು ತೆಗೆಯುವುದನ್ನು ನೋಡಿದವರಿಗೆ ಆ ಕೆಲಸದ ವಾಸನೆ ಕೂಡ ಗೊತ್ತಿರುತ್ತದೆ. ಮೇಜಿನಲ್ಲಿ ಅದನ್ನು ಹೇಳುವಾಗ ನನಗೆ ಕಲ್ಪನೆಯ ಅಗತ್ಯವೇ ಬರಲಿಲ್ಲ.

ಹಚ್ಚೆಯ ವಿಷಯ ಚಿಕ್ಕದು. ಸಮೋವಾದಲ್ಲಿ ಗಂಡಸರು ಸೊಂಟದಿಂದ ಮೊಣಕಾಲಿನವರೆಗೆ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ನೋವು ತಡೆಯದೆ ಅರ್ಧಕ್ಕೆ ಬಿಟ್ಟರೆ ಅದು ಬದುಕಿಡೀ ಅವಮಾನ. ತಿಯೋರಾಳ ಹಚ್ಚೆ ಲೆವೆಲ್ ಏರಿದಂತೆ ಬೆಳೆಯುತ್ತದೆ. ಪೂರ್ತಿಯಾಗದ ಹಚ್ಚೆಯ ಹೆಣ್ಣು ಊರಿಗೆ ಮರಳುವಂತಿಲ್ಲ. ಸಮೋವಾದ ನಿಜವಾದ ವಿನ್ಯಾಸಗಳನ್ನು ನಾನು ಬಳಸಲಿಲ್ಲ. ಅವು ಮನೆತನದ, ಸ್ಥಾನಮಾನದ ಸೊತ್ತು. ನಮ್ಮ ಆಟಕ್ಕೆ ಸುಮ್ನೆ ಎತ್ತಿಕೊಂಡು ಬರುವಂಥದ್ದಲ್ಲ. ಅವರ ದೇವರ ಹೆಸರುಗಳನ್ನೂ ಮುಟ್ಟಲಿಲ್ಲ. ಗಿಲ್ಬರ್ಟ್, ಸಮೋವಾ, ನ್ಯೂಜಿಲೆಂಡಿನ ಮಾವೊರಿ, ಇವರೆಲ್ಲ ಬೇರೆ ಬೇರೆ ಜನ, ಒಬ್ಬರಿಂದೊಬ್ಬರು ಸಾವಿರಾರು ಕಿಲೋಮೀಟರ್ ದೂರ. ಯಾವುದನ್ನು ಯಾರಿಂದ ತಂದೆ ಅಂತ ಮೊದಲ ದಿನವೇ ಎಲ್ಲರಿಗೂ ಹೇಳಿಬಿಟ್ಟೆ.

ಆಟ ನಿಜವಾಗಿ ರಂಗೇರಿದ್ದು ಮಂತ್ರಕ್ಕೆ ಬೆಲೆ ಕಟ್ಟಿದಾಗ. ಮಾವೊರಿ ಯೋಧರು ಯುದ್ಧಕ್ಕೆ ಹೊರಡುವ ಮುಂಚೆ 'ತಪು'ವಿಗೆ ಒಳಗಾಗುತ್ತಿದ್ದರು. ಅಂದರೆ ಪವಿತ್ರವೂ ಹೌದು, ಮುಟ್ಟಬಾರದ್ದೂ ಹೌದು. ನಮ್ಮ ಅಜ್ಜಿಯರ ಮಡಿ ನೋಡಿದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಗಟ್ಟಿ ತಪು ಇದ್ದವರು ಬೇಯಿಸಿದ ಆಹಾರವನ್ನು ತಮ್ಮ ಕೈಯಿಂದ ಮುಟ್ಟುವಂತಿರಲಿಲ್ಲ, ಬೇರೆಯವರು ತಿನ್ನಿಸಬೇಕಿತ್ತು. ಯುದ್ಧದಿಂದ ಬಂದ ಮೇಲೆ ವಿಧಿ ನಡೆಸಿ ಅದನ್ನು ತೆಗೆಯುತ್ತಿದ್ದರು. ಹೆರುವಾದಲ್ಲೂ ಇಂಥದ್ದೇ ಒಂದು ಕಟ್ಟಳೆ ಇಟ್ಟೆ: ತಿಯೋರಾ ಮಂತ್ರ ಹೇಳಿದ ಕ್ಷಣದಿಂದ ಸಿಹಿನೀರಿನಲ್ಲಿ ತೊಳೆದುಕೊಳ್ಳುವವರೆಗೆ ಅವಳನ್ನು ಯಾರೂ ಮುಟ್ಟಬಾರದು, ಅವಳೂ ಯಾರನ್ನೂ ಮುಟ್ಟಬಾರದು.

ಕೇಳುವುದಕ್ಕೆ ಇದು ಬರೀ ಅಲಂಕಾರ. ಆದರೆ ಈ ಆಟದಲ್ಲಿ ಗಾಯ ವಾಸಿ ಮಾಡುವ ಕ್ಯೂರ್ ವೂಂಡ್ಸ್ ಮಂತ್ರಕ್ಕೆ ಮುಟ್ಟಲೇಬೇಕು. ದೇವರ ಬಲದಿಂದ ಗಾಯ ವಾಸಿ ಮಾಡುವ ಕ್ಲೆರಿಕ್ ಪಾತ್ರ ಆಡುವ ಗೆಳತಿಗೆ ಇದು ಹೊಳೆದದ್ದು ಯುದ್ಧದ ನಡುವೆ. "ಹಾಗಾದ್ರೆ ನಿನ್ನ ಹತ್ರ ಬರೋಕೂ ಆಗಲ್ವಾ?" ಅಂದಳು. ಆಗಲ್ಲ. ಉಳಿದದ್ದು ಹೀಲಿಂಗ್ ವರ್ಡ್. ಅದನ್ನು 60 ಅಡಿ ದೂರದಿಂದಲೂ ಹೇಳಬಹುದು, ಆದರೆ ಅದರ ಬಲ ಕಡಿಮೆ, 8 ಮುಖದ ದಾಳದ ಬದಲು 4 ಮುಖದ್ದು. ಅಲ್ಲಿಂದ ಮುಂದೆ ನಾನು ಮಂತ್ರ ಹೇಳುವ ಮುಂಚೆ ಇಡೀ ಗುಂಪೇ ಲೆಕ್ಕ ಹಾಕತೊಡಗಿತು. ಈಗಲೇ ಹೇಳಲಾ, ಇನ್ನೊಂದು ಸುತ್ತು ಬರೀ ಕತ್ತಿಯಲ್ಲಿ ತಳ್ಳಲಾ? ಯುದ್ಧ ಮುಗಿದ ಮೇಲೆ ನಮ್ಮ ಕಳ್ಳ ಪಾತ್ರ ಗೊಣಗುತ್ತಾ, ಉದ್ದನೆಯ ಕಡ್ಡಿಗೆ ರೊಟ್ಟಿ ಚುಚ್ಚಿ ತಿಯೋರಾಳ ಬಾಯಿಗೆ ಹಿಡಿಯುತ್ತಾನೆ. ಆ ದೃಶ್ಯ ಬಂದಾಗಲೆಲ್ಲ ಎಲ್ಲರೂ ನಗುತ್ತಾರೆ, ಅವರಿಬ್ಬರ ಸ್ನೇಹ ಬೆಳೆದದ್ದೂ ಅಲ್ಲೇ.

ಮರಳುಗಾಡಿಗೆ ಹೋದಾಗ ಡಿಎಂ ಕಾದು ಕೂತಿದ್ದ. "ನಿನ್ನ ಸಮುದ್ರ ವಿದ್ಯೆ ಮಡಚಿ ಇಟ್ಕೋ ಮಗಾ" ಅಂದ. ನಾನು ಅವಳ ನಕ್ಷತ್ರದ ಚಕ್ರ ಬರೆದ ಹಾಳೆ ತೆಗೆದೆ. ಆ ಲೋಕದ ಆಕಾಶಕ್ಕೆ ಐದು ನಕ್ಷತ್ರಗಳನ್ನು ನಾನೇ ಹೆಸರಿಟ್ಟು ಕೊಟ್ಟಿದ್ದೆ, ಎಲ್ಲಿ ಹುಟ್ಟುತ್ತವೆ, ಎಲ್ಲಿ ಮುಳುಗುತ್ತವೆ ಅನ್ನುವುದರ ಸಮೇತ. ರಾತ್ರಿ ನಡೆಯೋಣ ಅಂದೆ. ಅಲೆ ಇಲ್ಲ, ಹಕ್ಕಿ ಇಲ್ಲ, ಆದರೆ ನಕ್ಷತ್ರಕ್ಕೆ ನೀರಾದರೇನು, ಮರಳಾದರೇನು. ದಾರಿ ಸಿಕ್ಕಿತು. ನೀರು ಮಾತ್ರ ಸಿಗಲಿಲ್ಲ. ತೊಳೆದುಕೊಳ್ಳಲು ಸಿಹಿನೀರಿಲ್ಲದೆ ತಪು ಹಾಗೇ ಉಳಿಯಿತು. ಕುಡಿಯುವ ನೀರಿನಲ್ಲಿ ಅವಳಿಗೊಂದು ಚೊಂಬು ಕೊಡಬೇಕೋ ಬೇಡವೋ ಅನ್ನುವ ವಾದ ಆವತ್ತಿನ ಯಾವ ರಾಕ್ಷಸನಿಗಿಂತಲೂ ಜೋರಾಗಿತ್ತು.

ಈಗ ಅವಳು 7ನೇ ಲೆವೆಲ್. ಎರಡನೇ ಹಂತದ ಮಂತ್ರಗಳು ಬಂದಿವೆ. ನಾನು ಗಸ್ಟ್ ಆಫ್ ವಿಂಡ್ ತೆಗೆದುಕೊಂಡೆ, ಹಾಯಿಗೆ ಬೀಸುವ ಗಾಳಿ. ಯುದ್ಧದಲ್ಲಿ ಅದು ಅಂಥ ಉಪಯೋಗದ್ದಲ್ಲ ಅಂತ ಎಲ್ಲರೂ ಬೈದರು. ಅಜ್ಜಿಯ ಶಾರ್ಕ್ ದಕ್ಷಿಣದ ನೀರಿನಲ್ಲಿ ಕಾಣಿಸಿತು ಅಂತ ಬಂದರಿನಲ್ಲಿ ಒಬ್ಬ ಮುದುಕ ಹೇಳಿದ್ದಾನೆ. ಗುಂಪಿಗೆ ದೋಣಿ ಬೇಕು, ಕೈಯಲ್ಲಿ ಚಿನ್ನ ಸಾಲದು. ಮುಂದಿನ ಆಟ ಆ ದೋಣಿಯ ಚೌಕಾಶಿಯಿಂದಲೇ ಶುರು.