ನೆಟ್ ಸ್ಲೋ ಆಗಿದ್ದೋ, ಮಾಡಿದ್ದೋ? ಪತ್ತೆ ಹಚ್ಚುವುದು ಹೀಗೆ

ಯೂಟ್ಯೂಬ್ ಸರಾಗವಾಗಿ ಓಡುತ್ತದೆ. ಅದೇ ಫೋನಿನಲ್ಲಿ ಸಣ್ಣದೊಂದು ಕನ್ನಡ ಪಾಡ್‌ಕಾಸ್ಟ್ ಮಾತ್ರ ನಿಂತು ನಿಂತು ಬರುತ್ತದೆ. ಯಾಕೆ? ಪಾಡ್‌ಕಾಸ್ಟಿನವರ ಸರ್ವರ್ ಸಣ್ಣದಿರಬಹುದು. ನಿಮ್ಮ ವೈಫೈ ಕೈಕೊಟ್ಟಿರಬಹುದು. ಇಲ್ಲವೇ ನೆಟ್ ಕಂಪನಿಯೇ ಒಂದಕ್ಕೆ ದಾರಿ ಬಿಟ್ಟು ಇನ್ನೊಂದನ್ನು ತಡೆದಿರಬಹುದು. ಮೊದಲಿನ ಎರಡು ದಿನಾ ಇರುವ ರಗಳೆ. ಮೂರನೆಯದಕ್ಕೆ ನಮ್ಮ ದೇಶದಲ್ಲಿ ಅವಕಾಶವಿಲ್ಲ. ಹಾಗೆ ಮಾಡಬಾರದು ಅನ್ನುವ ತತ್ವಕ್ಕೇ ನೆಟ್ ನ್ಯೂಟ್ರಾಲಿಟಿ ಅನ್ನುತ್ತಾರೆ. 2003ರಲ್ಲಿ ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವು ಈ ಹೆಸರನ್ನು ಬಳಕೆಗೆ ತಂದರು. ಹೆಸರು ದೊಡ್ಡದು, ವಿಷಯ ಸರಳ.

ಹೆಜ್ಜೆ 1: ಒಂದೇ ಒಂದು ಪ್ರಶ್ನೆ ಕೇಳಿ

ಬೆಸ್ಕಾಂನವರು ಮೀಟರ್ ಓಡಿದಷ್ಟಕ್ಕೆ ಬಿಲ್ ಹಾಕುತ್ತಾರೆ. ಯಾವ ಕಂಪನಿಯ ಮಿಕ್ಸಿ, ಯಾವ ಕಂಪನಿಯ ಟಿವಿ ಅಂತ ಕೇಳುವುದಿಲ್ಲ. (ಪಂಪ್‌ಸೆಟ್ಟಿಗೆ ದರ ಬೇರೆ ಅಲ್ವಾ ಅನ್ನಬೇಡಿ. ಅದು ರೈತರಿಗೆ ಸರ್ಕಾರ ಕೊಟ್ಟ ಸವಲತ್ತು, ಪಂಪಿನ ಬ್ರ್ಯಾಂಡ್ ನೋಡಿ ಕೊಟ್ಟದ್ದಲ್ಲ.) ನೆಟ್ ಕಂಪನಿಯೂ ಹಾಗೇ ಇರಬೇಕು. ಹಾಗಾಗಿ ಅನುಮಾನ ಬಂದಾಗಲೆಲ್ಲ ಕೇಳಬೇಕಾದದ್ದು ಇಷ್ಟೇ: ವೇಗವನ್ನೋ ದರವನ್ನೋ ಬದಲಿಸುವಾಗ ನಾನು ಏನು ನೋಡುತ್ತಿದ್ದೇನೆ ಅಂತ ಕಂಪನಿ ಇಣುಕಿ ನೋಡಿತೇ?

ದಿನದ ಡೇಟಾ ಮುಗಿಯಿತು, ವೇಗ ಪಾತಾಳಕ್ಕೆ ಇಳಿಯಿತು. ಸಿಟ್ಟು ಬರುತ್ತದೆ ನಿಜ. ಆದರೆ ಎಲ್ಲ ಆ್ಯಪ್‌ಗಳಿಗೂ ಒಂದೇ ಗತಿ, ಹಾಗಾಗಿ ಅದು ತಾರತಮ್ಯವಲ್ಲ. ರಾತ್ರಿ ಹೊತ್ತು ಡೇಟಾ ಫ್ರೀ ಅನ್ನುವ ಪ್ಯಾಕ್ ಕೂಡ ಅಲ್ಲ, ಕಂಪನಿ ನೋಡಿದ್ದು ಗಡಿಯಾರವನ್ನು. ರೀಚಾರ್ಜ್ ಜತೆ ಸಿನಿಮಾ ಆ್ಯಪಿನ ಚಂದಾ ಉಚಿತ ಅಂದರೆ? ಇಲ್ಲಿ ಸ್ವಲ್ಪ ಹುಷಾರಾಗಿ ಓದಿ. ಚಂದಾ ಮಾತ್ರ ಉಚಿತ, ನೋಡಿದ ಸಿನಿಮಾದ ಡೇಟಾ ನಿಮ್ಮ ಲೆಕ್ಕದಲ್ಲೇ ಕಡಿತವಾಗುತ್ತದೆ ಅಂದರೆ ತೊಂದರೆಯಿಲ್ಲ. 'ಈ ಆ್ಯಪ್ ಬಳಸಿದರೆ ಡೇಟಾ ಕಡಿತವೇ ಇಲ್ಲ' ಅಂದರೆ ಅದು ತಾರತಮ್ಯ. ಇದಕ್ಕೆ ಝೀರೋ ರೇಟಿಂಗ್ ಅನ್ನುತ್ತಾರೆ.

ಹೆಜ್ಜೆ 2: ಕಂಪನಿಗೆ ಹೇಗೆ ಗೊತ್ತಾಗುತ್ತದೆ?

ನೀವು ನೋಡುವ ವಿಡಿಯೊ ಚೂರು ಚೂರಾಗಿ ಬರುತ್ತದೆ. ಈ ಚೂರುಗಳಿಗೆ ಪ್ಯಾಕೆಟ್ ಅಂತ ಹೆಸರು. ಪ್ರತಿ ಪ್ಯಾಕೆಟ್ಟಿನ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಅನ್ನುವ ವಿಳಾಸವಿರುತ್ತದೆ. ಬೀಗದ ಚಿತ್ರವಿರುವ ತಾಣಗಳಲ್ಲಿ ಒಳಗಿನ ಮಾತು ಕಂಪನಿಗೆ ಕಾಣುವುದಿಲ್ಲ. ಆದರೂ ವಿಳಾಸ ಮತ್ತು ಸಂಪರ್ಕ ಶುರುವಾಗುವಾಗ ಹೋಗುವ ತಾಣದ ಹೆಸರು ಸಾಮಾನ್ಯವಾಗಿ ಕಾಣುತ್ತವೆ. ವಿಂಗಡಿಸಿ ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಮಾಡಲು ಅಷ್ಟು ಸಾಕು.

ಹೆಜ್ಜೆ 3: 'ಫ್ರೀ' ಅಂದಲ್ಲಿ ಜಾಸ್ತಿ ಎಚ್ಚರ

ನಿಧಾನವಾದರೆ ಎಲ್ಲರೂ ಬೈಯುತ್ತಾರೆ. ಫ್ರೀ ಅಂದರೆ ಯಾರೂ ಬೈಯುವುದಿಲ್ಲ. ನನ್ನ ಪ್ರಕಾರ ಅಪಾಯ ಇರುವುದು ಅಲ್ಲೇ. ನಮ್ಮ ದೇಶದಲ್ಲಿ ಏನಾಯಿತು ನೋಡಿ.

2014ರ ಡಿಸೆಂಬರ್. ಸ್ಕೈಪ್, ವೈಬರ್‌ಗಳಲ್ಲಿ ಕರೆ ಮಾಡುವವರು ಬೇರೆಯೇ ಪ್ಯಾಕ್ ಹಾಕಿಸಬೇಕು ಅಂತ ಏರ್‌ಟೆಲ್ ಹೇಳಿತು. 75 ಎಂಬಿಗೆ 75 ರೂಪಾಯಿ. ಡೇಟಾಗೆ ಒಂದು ಸಲ ದುಡ್ಡು ಕೊಟ್ಟ ಮೇಲೆ ಅದರಲ್ಲಿ ಮಾತಾಡಿದ್ದಕ್ಕೆ ಇನ್ನೊಂದು ಸಲ ಯಾಕೆ ಅಂತ ಜನ ರೇಗಿದರು. ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು. 2015ರ ಮಾರ್ಚ್ ಕೊನೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇಂಥ ಆ್ಯಪ್‌ಗಳ ಬಗ್ಗೆ ಜನರ ಅಭಿಪ್ರಾಯ ಕೇಳಿತು. ಸಾಮಾನ್ಯವಾಗಿ ಕಂಪನಿಗಳೂ ವಕೀಲರೂ ಮಾತ್ರ ಓದುವಂಥ ಕಡತ. ಈ ಸಲ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಬಂದವು!

ಅದರ ನಡುವೆಯೇ ಏಪ್ರಿಲ್‌ನಲ್ಲಿ ಏರ್‌ಟೆಲ್ ಝೀರೋ ಬಂತು. ಇದರಲ್ಲಿ ಗ್ರಾಹಕನ ಬದಲು ಆ್ಯಪಿನವರು ಡೇಟಾ ದುಡ್ಡು ಕಟ್ಟುತ್ತಾರೆ, ನಮಗೆ ಆ ಆ್ಯಪ್ ಫ್ರೀ. ಬೆಂಗಳೂರಿನ ಫ್ಲಿಪ್‌ಕಾರ್ಟ್ ಇದಕ್ಕೆ ಸೇರುವ ಮಾತುಕತೆಯಲ್ಲಿತ್ತು. ಜನ ಫ್ಲಿಪ್‌ಕಾರ್ಟ್ ಆ್ಯಪಿಗೆ ಒಂದೊಂದೇ ಸ್ಟಾರ್ ಕೊಡತೊಡಗಿದರು. ಕಂಪನಿ ಹಿಂದೆ ಸರಿಯಿತು. ಯೋಚಿಸಿ: ಫ್ಲಿಪ್‌ಕಾರ್ಟ್ ಕೂಡ ಒಂದು ಕಾಲಕ್ಕೆ ಕೋರಮಂಗಲದಲ್ಲಿ ಇಬ್ಬರು ಹುಡುಗರು ಶುರು ಮಾಡಿದ ಪುಸ್ತಕದಂಗಡಿ. 2007ರಲ್ಲಿ ಇನ್ನೊಂದು ದೊಡ್ಡ ಪುಸ್ತಕ ತಾಣ ಎಲ್ಲರಿಗೂ ಫ್ರೀ ಇದ್ದಿದ್ದರೆ ಇವರ ಕಡೆ ಯಾರು ತಿರುಗಿ ನೋಡುತ್ತಿದ್ದರು?

ಆಮೇಲೆ ಬಂದದ್ದು ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್. ಮೊದಲು ಇಂಟರ್ನೆಟ್ ಡಾಟ್ ಆರ್ಗ್ ಅಂತಿತ್ತು, 2015ರಲ್ಲಿ ಹೆಸರು ಬದಲಾಯಿತು. ರಿಲಯನ್ಸ್ ಕಮ್ಯುನಿಕೇಷನ್ಸ್ ಸಿಮ್ ಇದ್ದವರಿಗೆ ಆಯ್ದ ಕೆಲವು ತಾಣಗಳು ಉಚಿತ. ಬಡವರಿಗೆ ನೆಟ್ ಕೊಡುತ್ತೇವೆ ಅಂತ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು, ಬೆಂಬಲಕ್ಕೆ ಮಿಸ್ಡ್ ಕಾಲ್ ಕೊಡಿ ಅನ್ನುವ ಕರೆ. ಏನೂ ಇಲ್ಲದ ಕಡೆ ಒಂದಿಷ್ಟಾದರೂ ಇರಲಿ ಅನ್ನುವ ವಾದವನ್ನು ಸುಮ್ನೆ ತಳ್ಳಿಹಾಕಲಾಗದು. ಆದರೆ ಯಾವ ತಾಣ ಅದರೊಳಗೆ ಬರಬೇಕು ಅನ್ನುವ ಷರತ್ತು ಹಾಕುವುದು ಫೇಸ್‌ಬುಕ್. ಅದಕ್ಕೆ ನಂದನ್ ನಿಲೇಕಣಿಯವರು ಬೇರೆ ದಾರಿ ತೋರಿಸಿದರು. ಗ್ಯಾಸ್ ಸಬ್ಸಿಡಿಯ ಹಾಗೆ ಡೇಟಾಗೂ ನೆರವನ್ನು ನೇರ ಜನರಿಗೇ ಕೊಡಿ, ಏನು ನೋಡಬೇಕು ಅಂತ ಅವರೇ ಆರಿಸಿಕೊಳ್ಳಲಿ ಅಂದರು. ಇದೇ ಸರಿಯಾದ ದಾರಿ ಅಂತ ನನಗೂ ಅನಿಸುತ್ತದೆ.

2016ರ ಫೆಬ್ರವರಿ 8ರಂದು ಟ್ರಾಯ್ ತೀರ್ಮಾನ ಕೊಟ್ಟಿತು. ನೋಡುವ ವಿಷಯದ ಮೇಲೆ ಡೇಟಾ ದರ ಬದಲಿಸುವಂತಿಲ್ಲ. ತಪ್ಪಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷದವರೆಗೆ ದಂಡ. ಅದೇ ವಾರ ಫ್ರೀ ಬೇಸಿಕ್ಸ್ ಇಲ್ಲಿಂದ ಗಂಟುಮೂಟೆ ಕಟ್ಟಿತು. ಅದು ದರದ ಮಾತಾಯಿತು. ವೇಗ ತಗ್ಗಿಸುವುದು, ತಡೆಯುವುದು, ಒಬ್ಬರನ್ನು ಮುಂದೆ ಬಿಡುವುದು, ಇವಕ್ಕೆ 2018ರಲ್ಲಿ ದೂರಸಂಪರ್ಕ ಇಲಾಖೆ ಕಂಪನಿಗಳ ಲೈಸೆನ್ಸ್ ಷರತ್ತಿನಲ್ಲೇ ಬೇಲಿ ಹಾಕಿತು.

ಅಮೆರಿಕದ ಕಥೆ ಉಲ್ಟಾ. 2015ರಲ್ಲಿ ನಿಯಮ ಬಂತು, 2017ರಲ್ಲಿ ತೆಗೆದರು, 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಕೋರ್ಟ್ ಹೊಡೆದು ಹಾಕಿತು.

ಹೆಜ್ಜೆ 4: ವಿನಾಯಿತಿಗಳನ್ನು ತಿಳಿದುಕೊಳ್ಳಿ

ದೂರದಿಂದಲೇ ಮಾಡುವ ಶಸ್ತ್ರಚಿಕಿತ್ಸೆಯಂಥ ವಿಶೇಷ ಸೇವೆಗಳಿಗೆ ನಿಯಮ ಅನ್ವಯಿಸುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ ದರ ಇಳಿಸಬಹುದು. ಕಂಪನಿಯ ಸ್ವಂತ ಜಾಲದೊಳಗೇ ಉಳಿಯುವ, ಇಂಟರ್ನೆಟ್ಟಿಗೆ ಹೋಗದ ಡೇಟಾಗೂ ವಿನಾಯಿತಿ ಇದೆ. ಇನ್ನು ಸರ್ಕಾರದ ಆದೇಶದ ಮೇಲೆ ತಾಣ ಮುಚ್ಚುವುದು, ಊರಿಗೆ ಊರೇ ನೆಟ್ ಬಂದ್ ಮಾಡುವುದು ಬೇರೆ ಕಾನೂನಿನ ಮಾತು. ಅದನ್ನು ಇದರೊಳಗೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ.

ಹೆಜ್ಜೆ 5: ಮನೆಯಲ್ಲೇ ಪರೀಕ್ಷೆ ಮಾಡಿ

ಮೊದಲು ವೈಫೈಯನ್ನು ಅನುಮಾನಿಸಿ. ರೂಟರ್ ಪಕ್ಕದಲ್ಲೇ ನಿಂತು, ಮನೆಯ ಬೇರೆ ಫೋನು, ಟಿವಿಗಳ ನೆಟ್ ಆಫ್ ಮಾಡಿ ನೋಡಿ. ಎಷ್ಟೋ ಕೇಸುಗಳು ಇಲ್ಲೇ ಇತ್ಯರ್ಥವಾಗುತ್ತವೆ.

ಆಮೇಲೆ ಎರಡು ಬೇರೆ ಕಡೆ ವೇಗ ಅಳೆಯಿರಿ. ಫಾಸ್ಟ್ ಡಾಟ್ ಕಾಮ್ ಅನ್ನುವುದು ನೆಟ್‌ಫ್ಲಿಕ್ಸ್‌ನವರದು. ಅದು ನೆಟ್‌ಫ್ಲಿಕ್ಸ್ ಸರ್ವರ್‌ನಿಂದಲೇ ಡೇಟಾ ಎಳೆದು ಲೆಕ್ಕ ಹಾಕುತ್ತದೆ. ಜತೆಗೆ ಟ್ರಾಯ್‌ನ ಮೈಸ್ಪೀಡ್ ಆ್ಯಪನ್ನೋ, ಬೇರೆ ಸ್ಪೀಡ್ ಟೆಸ್ಟನ್ನೋ ಓಡಿಸಿ. ಒಂದರಲ್ಲಿ 50 ಎಂಬಿಪಿಎಸ್, ಇನ್ನೊಂದರಲ್ಲಿ 45 ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದರಲ್ಲಿ 50, ಫಾಸ್ಟ್‌ನಲ್ಲಿ ಬರೀ 4, ಅದೂ ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು ಅಂದರೆ ಬರೆದಿಟ್ಟುಕೊಳ್ಳಿ.

ಮೂರನೆಯದು ನನಗೆ ತುಂಬ ಹಿಡಿಸಿದ ಉಪಾಯ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ವೀಹೀ (Wehe) ಅನ್ನುವ ಉಚಿತ ಆ್ಯಪ್ ಮಾಡಿದ್ದಾರೆ. ಇದು ಯೂಟ್ಯೂಬ್‌ನಂಥ ಸೇವೆಯ ಡೇಟಾವನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡಿರುತ್ತದೆ. ಒಂದು ಸಲ ಅದನ್ನು ಹಾಗೇ ಕಳಿಸುತ್ತದೆ. ಇನ್ನೊಂದು ಸಲ ಅಷ್ಟೇ ಗಾತ್ರದ ಡೇಟಾವನ್ನು ಯೂಟ್ಯೂಬ್ ಅಂತ ಗುರುತು ಸಿಗದ ಹಾಗೆ ಕಲಸಿ ಕಳಿಸುತ್ತದೆ. ಎರಡೂ ಸಲ ಕಳಿಸುವುದು ಒಂದೇ ಸರ್ವರ್‌ನಿಂದ, ಒಂದೇ ದಾರಿಯಲ್ಲಿ. ಗುರುತಿದ್ದಾಗ ನಿಧಾನ, ವೇಷ ಮರೆಸಿದಾಗ ಜೋರು ಅಂದರೆ ನಡುವೆ ಯಾರೋ ಮುಖ ನೋಡಿ ಮಣೆ ಹಾಕುತ್ತಿದ್ದಾರೆ. ಫಲಿತಾಂಶವನ್ನು ಒಂದೇ ಸಲಕ್ಕೆ ನಂಬಬೇಡಿ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿ, ಪ್ರತಿ ಸಲ ಸ್ಕ್ರೀನ್‌ಶಾಟ್ ತೆಗೆಯಿರಿ. ಈ ಪರೀಕ್ಷೆಗಳು ಡೇಟಾ ನುಂಗುತ್ತವೆ, ದಿನದ ಕೋಟಾ ಮುಗಿಯುವ ಹೊತ್ತಿಗೆ ಶುರು ಮಾಡಬೇಡಿ.

ಹೆಜ್ಜೆ 6: ದೂರು ಕೊಡಿ

ನೇರ ಟ್ರಾಯ್‌ಗೆ ಬರೆದರೆ ನಿಮ್ಮೊಬ್ಬರ ದೂರನ್ನು ಅವರು ಬಗೆಹರಿಸುವುದಿಲ್ಲ. ಮೊದಲು ಕಂಪನಿಗೇ ಹೇಳಬೇಕು. ಮೊಬೈಲ್‌ನಿಂದ 198ಕ್ಕೆ ಕರೆ ಮಾಡಿ, ಡಾಕೆಟ್ ನಂಬರ್, ಅಂದರೆ ನಿಮ್ಮ ದೂರಿನ ನೋಂದಣಿ ಸಂಖ್ಯೆ, ಕೇಳಿ ಪಡೆಯಿರಿ. 'ನೆಟ್ ಸ್ಲೋ' ಅಂತ ಮಾತ್ರ ಹೇಳಿದರೆ ಫೋನ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಬದಲಿಗೆ 'ಇಂಥ ದಿನ ಇಷ್ಟು ಗಂಟೆಗೆ ಬೇರೆಲ್ಲ ಸರಿಯಿತ್ತು, ಇಂಥ ಸೇವೆ ಮಾತ್ರ ಇಷ್ಟಕ್ಕಿಳಿದಿತ್ತು' ಅನ್ನಿ. ಉತ್ತರ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಅರ್ಜಿ ಹಾಕಬಹುದು.

ಮುಂದಿನ ಜಗಳ

ನೆಟ್‌ಫ್ಲಿಕ್ಸ್, ಯೂಟ್ಯೂಬ್‌ನಂಥ ದೊಡ್ಡವರು ನಮ್ಮ ಜಾಲ ತುಂಬಿಸುತ್ತಾರೆ, ಅವರೂ ಪಾಲು ಕೊಡಲಿ ಅಂತ ಟೆಲಿಕಾಂ ಕಂಪನಿಗಳು ಕೆಲವು ವರ್ಷಗಳಿಂದ ಕೇಳುತ್ತಿವೆ. ದುಡ್ಡಿದ್ದವರು ಕೊಡಲಿ ಬಿಡಿ ಅನಿಸಬಹುದು. ದಕ್ಷಿಣ ಕೊರಿಯಾವನ್ನು ನೋಡಿ. ಅಲ್ಲಿ ಜಾಲದ ಶುಲ್ಕ ವಿಪರೀತ ಅಂತ ಹೇಳಿ ಅಮೆಜಾನ್ ಒಡೆತನದ ವಿಡಿಯೊ ತಾಣ ಟ್ವಿಚ್ 2022ರಲ್ಲಿ ವಿಡಿಯೊ ಗುಣಮಟ್ಟವನ್ನು 720ಪಿಗೆ ಇಳಿಸಿತು. 2024ರ ಫೆಬ್ರವರಿಯಲ್ಲಿ ಬಾಗಿಲನ್ನೇ ಹಾಕಿತು. ಅಮೆಜಾನ್ ಬೆನ್ನಿಗಿದ್ದವರ ಪಾಡೇ ಹೀಗಾದರೆ, ಹಳ್ಳಿಯಲ್ಲಿ ಕೂತು ಯಕ್ಷಗಾನ ಲೈವ್ ಮಾಡುವವರ ಗತಿ?

ಇಲ್ಲಿ ಈ ಮಾತು ಮತ್ತೆ ಟ್ರಾಯ್ ಮುಂದೆ ಬಂದರೆ ನೀವೂ ಅಭಿಪ್ರಾಯ ಕಳಿಸಬಹುದು. ಟ್ರಾಯ್ ತಾಣದಲ್ಲಿ ಸಮಾಲೋಚನಾ ಪತ್ರಗಳ ವಿಭಾಗವಿದೆ. ಪತ್ರದಲ್ಲಿ ಪ್ರಶ್ನೆಗಳೂ, ಕೊನೆಯ ದಿನಾಂಕವೂ, ಕಳಿಸಬೇಕಾದ ಇಮೇಲೂ ಇರುತ್ತವೆ. ಕೇಳಿದ ಪ್ರಶ್ನೆಗೇ ಉತ್ತರ ಬರೆಯಿರಿ. ಫ್ರೀ ಬೇಸಿಕ್ಸ್ ಪರವಾಗಿ ಬಂದ ಲಕ್ಷಗಟ್ಟಲೆ ಸಿದ್ಧ ಇಮೇಲ್‌ಗಳು ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ ಅಂತ ಟ್ರಾಯ್ ಆಗ ತಕರಾರು ತೆಗೆದಿತ್ತು. ಇನ್ನೊಂದು ಮಾತು. 2015ರಲ್ಲಿ ಬಂದ ಅಭಿಪ್ರಾಯಗಳನ್ನೆಲ್ಲ ಟ್ರಾಯ್ ಕಳಿಸಿದವರ ಇಮೇಲ್ ವಿಳಾಸದ ಸಮೇತ ತಾಣದಲ್ಲಿ ಹಾಕಿಬಿಟ್ಟಿತ್ತು. ಬ್ಯಾಂಕಿಗೆ ಕೊಟ್ಟ ಇಮೇಲ್ ಬಿಟ್ಟು ಬೇರೊಂದರಿಂದ ಕಳಿಸಿ.