ಪುಸ್ತಕ ಮುಚ್ಚಿ, ಆಮೇಲೆ ಬರೆಯಿರಿ

ಪರೀಕ್ಷೆ ಹತ್ತಿರ ಬಂತು ಅಂದ್ರೆ ಒಂದೇ ಪಾಠವನ್ನು ನಾಲ್ಕು ಸಲ ಓದಿ, ಸಾಲುಗಳ ಕೆಳಗೆ ಗೆರೆ ಎಳೆದು, ಎಲ್ಲಾ ಬಂತು ಅಂದುಕೊಳ್ಳುತ್ತೇವೆ ಅಲ್ವಾ? ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಉತ್ತರ ಯಾವ ಪುಟದ ಯಾವ ಮೂಲೆಯಲ್ಲಿತ್ತು ಅನ್ನೋದು ನೆನಪಿರುತ್ತದೆ. ಉತ್ತರ ಮಾತ್ರ ಇರುವುದಿಲ್ಲ. ನನಗೂ ಹೀಗೇ ಆಗಿದೆ.

ಒಂದು ಸಲ ಗಮನವಿಟ್ಟು ಓದಿ ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ. ದ್ಯುತಿಸಂಶ್ಲೇಷಣೆ ಪಾಠ ಅಂತಿಟ್ಟುಕೊಳ್ಳಿ. ನೀರು, ಬಿಸಿಲು, ಕಾರ್ಬನ್ ಡೈಆಕ್ಸೈಡ್ ಬರೆದಿರಿ, ಕ್ಲೋರೋಫಿಲ್ ಬಿಟ್ಟುಹೋಯಿತು. ಈಗ ಪುಸ್ತಕ ತೆರೆದು ಅದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮುಂದಿನ ಸಲ ಕೆಂಪಕ್ಷರದಿಂದಲೇ ಶುರು ಮಾಡಿ. ಮೊದಮೊದಲು ಬೇಜಾರಾಗುತ್ತದೆ, ಹಾಳೆ ಅರ್ಧವೂ ತುಂಬುವುದಿಲ್ಲ. ತಿಣುಕಾಡಿ ನೆನಪಿಸಿಕೊಂಡದ್ದೇ ಜಾಸ್ತಿ ದಿನ ಉಳಿಯುವುದು.

ಇದು ಸುಮ್ನೆ ಹೇಳುವ ಮಾತಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 5 ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ನೋಡದೆ ಬರೆದು ಅಭ್ಯಾಸ ಮಾಡಿದವರಿಗೆ ಹೆಚ್ಚು ನೆನಪಿತ್ತು.

ಅದೇ ಪಾಠವನ್ನು ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರದ ನಂತರ ಇನ್ನೊಮ್ಮೆ ಹೀಗೇ ಬರೆದು ನೋಡಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಬೇಡಿ.

ಪರೀಕ್ಷಾ ಕೊಠಡಿಯಲ್ಲಿ ಮೊದಲು ಸಮಯ ಲೆಕ್ಕ ಹಾಕಿ. 3 ಗಂಟೆ, 80 ಅಂಕ ಇದ್ದರೆ ಒಂದು ಅಂಕಕ್ಕೆ 2 ನಿಮಿಷ. 5 ಅಂಕದ ಪ್ರಶ್ನೆಗೆ 10 ನಿಮಿಷ ದಾಟಿತೋ, ಜಾಗ ಬಿಟ್ಟು ಮುಂದಕ್ಕೆ ಹೋಗಿ. ಕೊನೆಗೆ 20 ನಿಮಿಷ ಉಳಿಯುತ್ತದೆ, ಬಿಟ್ಟದ್ದನ್ನು ಆಗ ತುಂಬಿಸಬಹುದು.